ಅಮಾವಾಸ್ಯೆಯ ಸೂಟಿ

ಆ ವರ್ಷಗಳಲ್ಲಿ ನಮ್ಮ ಭಾಗದಲ್ಲಿ ಜನರ ಅರ್ಜಿ ತುಂಬಿಕೊಡುವ ನೂರಾರು ಆನ್‌ಲೈನ್ ಕೇಂದ್ರಗಳ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವ ಹಿರಿಯ ಎಂಜಿನಿಯರ್ ಆಗಿದ್ದೆ. ರೋಣ, ನರಗುಂದದ ಕೇಂದ್ರಗಳಿಗೆ ನೆಟ್ ಬರುತ್ತಿದ್ದುದು ಗಜೇಂದ್ರಗಡದ ಒಬ್ಬ ನೇಕಾರರ ಮಾಳಿಗೆಯಲ್ಲಿಟ್ಟಿದ್ದ ವೈರ್‌ಲೆಸ್ ಪೆಟ್ಟಿಗೆಯಿಂದ. ತಿಂಗಳಿಗೊಮ್ಮೆ ಅದು ದಿನವಿಡೀ ಸತ್ತು, ಮರುದಿನ ತಾನಾಗಿಯೇ ಎದ್ದು ಕೂರುತ್ತಿತ್ತು. ಬ್ಯಾಟರಿ ಬದಲಿಸಿದೆ, ಕೇಬಲ್ ಬದಲಿಸಿದೆ. ಕಾರಣ ಸಿಗಲಿಲ್ಲ. ಊಟಕ್ಕೆ ಕುಳಿತರೂ ಕಿವಿ ಫೋನಿನ ಕಡೆಗೇ ಇರುತ್ತಿತ್ತು.

ನಾಲ್ಕನೆಯ ಸಲ ಸತ್ತಾಗ ನಾನು ರೋಣದ ಕೇಂದ್ರದಲ್ಲೇ ಇದ್ದೆ. ಶಿಕ್ಷಕಿ ಹುದ್ದೆಗೆ ಅರ್ಜಿ ಹಾಕಲು ಬಂದ ಹೆಣ್ಣುಮಗಳೊಬ್ಬಳು ಎದುರಿಗೆ ಕುಳಿತಿದ್ದಳು. ಅರ್ಜಿಗೆ ಅಂದೇ ಸಂಜೆ ಐದಕ್ಕೆ ಕೊನೆ.

"ಮುಂದಿನ ಸಲಕ್ಕ ನನ್ನ ವಯಸ್ಸು ಮೀರತೈತ್ರಿ ಸರ. ಏನರ ಮಾಡ್ರಿ," ಎಂದಳು.

ಗಜೇಂದ್ರಗಡದಲ್ಲಿ ಫೋನ್ ಎತ್ತುವವರಿಲ್ಲ. ಜೀಪು ಹತ್ತಿದೆ. ದಾರಿಯುದ್ದಕ್ಕೂ ಗಡಿಯಾರ ನೋಡುತ್ತಲೇ ಇದ್ದೆ.

ನೇಕಾರರ ಓಣಿಯಲ್ಲಿ ಒಂದೂ ಮಗ್ಗದ ಸದ್ದಿರಲಿಲ್ಲ. ಪೆಟ್ಟಿಗೆ ಇದ್ದ ಮನೆಯ ಯಜಮಾನರು ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರೊಂದಿಗೆ ಮಾಳಿಗೆ ಹತ್ತಿದರೆ, ಪೆಟ್ಟಿಗೆಗೆ ಕುಂಕುಮ, ಮೇಲೊಂದು ಚೆಂಡು ಹೂವು. ಸ್ವಿಚ್ ಬಂದ್.

"ಯಾಕ್ರೀ ಬಂದ್ ಮಾಡೀರಿ?"

"ಅಮಾಸಿ ಅಲ್ಲೇನ್ರಿ ಸಾಹೇಬ್ರ? ಮಗ್ಗಕ್ಕ ಸೂಟಿ, ಇದಕ್ಕೂ ಸೂಟಿ. ಹಗಲೂ ರಾತ್ರಿ ದುಡಿತೈತಿ, ಪಾಪ."

ನಾಲ್ಕು ಸಲವೂ ಅಮಾವಾಸ್ಯೆಯೇ. ನನ್ನ ಪಟ್ಟಿಯಲ್ಲಿ ತಾರೀಖುಗಳಿದ್ದವು, ತಿಥಿ ಇರಲಿಲ್ಲ.

"ರೋಣದಾಗ ಒಬ್ಬಾಕಿ ಅರ್ಜಿ ಹಿಡಕೊಂಡು ಕುಂತಾಳ್ರಿ. ಐದರೊಳಗ ಹೋಗಲಿಲ್ಲಂದ್ರ ನೌಕರಿ ಆಸೇನ ಬಿಡಬೇಕಾಕಿ."

ಕೆಳಗಿನಿಂದ ಯಜಮಾನರ ಹೆಂಡತಿ ಕೂಗಿದರು: "ಲಗೂ ಚಾಲೂ ಮಾಡ್ರಿ! ಮಗ್ಗಕ್ಕ ಸೂಟಿ, ಡಬ್ಬಿಗೆ ಸೂಟಿ. ನನ್ನ ಒಲಿಗೆ ಎಂದರ ಸೂಟಿ ಕೊಟ್ಟೀರೇನು?"

"ಆತವ್ವಾ, ಆತು," ಎಂದ ಯಜಮಾನರು ನನ್ನ ಕಡೆ ತಿರುಗಿದರು. "ಅಮಾಸಿ ಪೂಜಿ ಮಾಡಿದ ಮ್ಯಾಲ ನಾ ಮುಟ್ಟಂಗಿಲ್ರಿ. ನೀವ ಒತ್ರಿ."

ಒತ್ತಿದೆ. ಹಸಿರು ದೀಪಗಳು ಒಂದೊಂದಾಗಿ ಹತ್ತಿಕೊಳ್ಳುವಷ್ಟರಲ್ಲಿ ನಾಲ್ಕೂವರೆ ದಾಟಿತ್ತು. ರೋಣಕ್ಕೆ ಫೋನ್ ಹಚ್ಚಿದೆ.

"ನೆಟ್ ಬಂತ್ರಿ," ಎಂದ ಆಪರೇಟರ್. ಸ್ವಲ್ಪ ತಡೆದು, "ಫೋಟೋ ಹೋಗವಲ್ದು."

"ಫೋಟೋ ಸಣ್ಣದು ಮಾಡಿ ಹಾಕು."

ಯಜಮಾನರು ಎಲೆ ಅಗಿಯುವುದನ್ನು ನಿಲ್ಲಿಸಿದ್ದರು. ಹೆಂಡತಿಯೂ ಮೇಲೆ ಬಂದು ನಿಂತರು. ಐದಕ್ಕೆ ಆರು ನಿಮಿಷ. ಅತ್ತ ಕೀಬೋರ್ಡಿನ ಟಕಟಕ, ಬಳಿಕ ಏನೂ ಇಲ್ಲ. ಕೊನೆಗೆ ಫೋನಿನಲ್ಲಿ ಆ ಹೆಣ್ಣುಮಗಳ ದನಿಯೇ ಬಂತು. ಅರ್ಜಿ ಸೇರಿದ್ದಕ್ಕೆ ಬಂದ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದಳು. ನಾನು ಕೇಳದಿದ್ದರೂ ಇನ್ನೊಮ್ಮೆ ಓದಿದಳು.