ಎರಡು ಕೈಯಿಂದ ಬಿದ್ದ ಹಳದಿ

ಆ ಪ್ರಿಂಟಿಂಗ್ ಅಂಗಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಪೋಸ್ಟರು, ಲೇಬಲ್ಲು, ಕರಪತ್ರ ಹೊಂದಿಸುವುದು ಅವನ ಕೆಲಸ. ಸೇರಿದ ಹೊಸತರಲ್ಲಿ ಟೊಮೇಟೊ ಸಾಸಿನ ಲೇಬಲ್ಲನ್ನು ಹಳೇ ಇಟ್ಟಿಗೆಯ ಬಣ್ಣದಲ್ಲಿ ಹೊರಗೆ ತಂದಿದ್ದ. ಅಂದಿನಿಂದ ಪ್ರಿಂಟರು ನೋಡಿಕೊಳ್ಳುವ ಮೆಷಿನ್ ಮಾವ ಅವನಿಗೆ ಬಣ್ಣಗೇಡಿ ಎಂದು ಹೆಸರಿಟ್ಟರು. ಹೆಸರು ಗೋಂದಿನ ಹಾಗೆ ಅಂಟಿತು. ಅವನೂ ಬಿಡಿಸಿಕೊಳ್ಳಲು ಹೋಗಲಿಲ್ಲ. ಡಿಟಿಪಿ ಕ್ಲಾಸಿನಲ್ಲಿ ಬಣ್ಣದ ಪಾಠ ನಡೆದ ದಿನ ನಾನು ಸಿನಿಮಾಕ್ಕೆ ಹೋಗಿದ್ದೆ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ಅಂಗಿಗೆ ಒಪ್ಪುವ ಪ್ಯಾಂಟು ಯಾವುದೆಂದು ಇವತ್ತಿಗೂ ಅವನ ಅಕ್ಕನೇ ಹೇಳಬೇಕು. ಅಂಥವನ ಕೈಗೆ ಊರಿನ ಬಣ್ಣವೆಲ್ಲ ಬಂದು ಬಿದ್ದಿತ್ತು. ಹೊಟ್ಟೆಪಾಡು ಯಾರನ್ನು ಎಲ್ಲಿ ಕೂರಿಸುತ್ತದೋ ಹೇಳಲಾಗದು.

ಆದರೆ ಆ ಬೆಳಿಗ್ಗೆ ಹೆರಿಗೆ ಆಸ್ಪತ್ರೆಯ ನರ್ಸಮ್ಮ ಮಾದರಿ ಪ್ರಿಂಟನ್ನು ಮೇಜಿನ ಮೇಲೆ ಹರವಿದಾಗ ಅವನಿಗೆ ನಗು ಬರಲಿಲ್ಲ. ಬಾಣಂತಿಯರ ವಾರ್ಡಿನ ಗೋಡೆಗೆ ಹಾಕುವ ಪೋಸ್ಟರು ಅದು. ಎಡಗಡೆ ಹುಷಾರಾಗಿರುವ ಕೂಸು, ಬಲಗಡೆ ಕಾಮಾಲೆ ಬಂದ ಕೂಸು. ನಿಮ್ಮ ಮಗು ಬಲಗಡೆಯ ಮಗುವಿನಂತೆ ಕಂಡರೆ ತಡಮಾಡದೆ ತೋರಿಸಿ ಎಂದು ಕೆಳಗೆ ದಪ್ಪ ಅಕ್ಷರದಲ್ಲಿತ್ತು.

"ಇದರಲ್ಲಿ ಹುಷಾರಾಗಿರೋ ಕೂಸು ಎಲ್ಲಪ್ಪ?" ಎಂದರು ನರ್ಸಮ್ಮ.

"ಎಡಗಡೆ, ಸಿಸ್ಟರ್."

"ಇದನ್ನೂ ಅಡ್ಮಿಟ್ ಮಾಡ್ಕೋಬೇಕಾದ ಹಾಗಿದೆ. ಇನ್ನು ಬಲಗಡೇದು ಕೂಸೋ ನಿಂಬೆಹಣ್ಣೋ?"

ಮೆಷಿನ್ ಮಾವ ಕಿಸಕ್ಕೆಂದರು. ಬಣ್ಣಗೇಡಿ ಪರದೆಯತ್ತ ನೋಡಿದ. ಅಲ್ಲಿ ಎಡಗಡೆಯ ಕೂಸು ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇತ್ತು. ಕಾಗದಕ್ಕೆ ಬರುವಷ್ಟರಲ್ಲಿ ಯಾವ ದಾರಿಯಲ್ಲಿ ಕಾಯಿಲೆ ಹತ್ತಿಸಿಕೊಂಡಿತೋ ಗೊತ್ತಾಗಲಿಲ್ಲ.

"ತಾಯಂದಿರು ಇದನ್ನ ನಂಬ್ತಾರಪ್ಪ," ಎಂದು ನರ್ಸಮ್ಮ ದನಿ ತಗ್ಗಿಸಿದರು. "ಹಳದಿ ಕೂಸನ್ನ ಹುಷಾರಿದೆ ಅಂತ ತೋರಿಸಿದ್ರೆ, ಮನೇಲಿ ಹಳದಿಗಟ್ಟಿದ ಕೂಸನ್ನ ಹುಷಾರಿದೆ ಅಂತಾನೇ ಮಲಗಿಸಿಬಿಡ್ತಾರೆ."

ಅವನ ಮನೆಯಲ್ಲೇ ಒಂದು ಕೂಸಿತ್ತು. ಅಕ್ಕ ಹೆತ್ತು ಆಸ್ಪತ್ರೆಯಿಂದ ಬಂದು ಇನ್ನೂ ವಾರ ತುಂಬಿರಲಿಲ್ಲ.

ಮಧ್ಯಾಹ್ನ ಊಟದ ನೆಪ ಮಾಡಿಕೊಂಡು ಮನೆಗೆ ಓಡಿದ. ಅಕ್ಕನ ಕೋಣೆಯ ಕಿಟಕಿಗೆ ಸಾಸಿವೆ ಹೂವಿನ ಬಣ್ಣದ ಪರದೆ ಎಳೆದಿತ್ತು. ಕೂಸು ಅದರ ಬೆಳಕಿನಲ್ಲಿ ನಿದ್ದೆ ಹೊಡೆಯುತ್ತಿತ್ತು. ಬಗ್ಗಿ ನೋಡಿದ. ಮೂಗು ಹಳದಿ. ಹಣೆ ಹಳದಿ. ತಲೆಯೆತ್ತಿದರೆ ಗೋಡೆಯೂ ಹಳದಿ.

"ಅಮ್ಮಾ, ಮಗು ಹಳದಿ ಕಾಣ್ತಿಲ್ವಾ?"

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಸುಮ್ನೆ ಹೇಳಿದಾರಾ? ಮೊನ್ನೆ ನೀಲಿ ಅಂದೆ. ಎದ್ದು ಬಿದ್ದು ಆಸ್ಪತ್ರೆಗೆ ಓಡಿದ್ವಿ. ಡಾಕ್ಟರು ಏನಂದ್ರು?"

ಡಾಕ್ಟರು ಅಂದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ನೀಲಿಯಾಗಿದ್ದದ್ದು ಕೂಸಲ್ಲ, ಸೊಳ್ಳೆಪರದೆ.

"ಬೆಳಿಗ್ಗೆಯಿಂದ ಸರಿಯಾಗಿ ಹಾಲು ಕುಡೀತಿಲ್ಲ ಕಣೋ," ಎಂದಳು ಅಕ್ಕ, ಮೆಲ್ಲಗೆ. "ಎಬ್ಬಿಸಿದರೂ ಮತ್ತೆ ನಿದ್ದೆ."

"ಎಳೇ ಕೂಸು ನಿದ್ದೆ ಮಾಡದೆ ಲೆಕ್ಕ ಬರೆಯುತ್ತಾ?" ಎಂದರು ಅಮ್ಮ. "ನೀನು ಊಟ ಮಾಡಿ ಹೋಗು. ಬಾಣಂತಿಗೆ ಇಲ್ಲದ ಹೆದರಿಕೆ ಹುಟ್ಟಿಸಬೇಡ."

ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಮತ್ತೊಮ್ಮೆ ಹುಯಿಲೆಬ್ಬಿಸಲು ಬಾಯಿಯೂ ಬರಲಿಲ್ಲ. ಬೆಳಗಿನಿಂದ ಹಳದಿ ನೋಡಿ ನೋಡಿ ತನ್ನ ಕಣ್ಣೇ ಕೆಟ್ಟಿರಬಹುದು. ಟೊಮೇಟೊ ಯಾವುದು, ಇಟ್ಟಿಗೆ ಯಾವುದು ತಿಳಿಯದವನು ಕೂಸಿನ ಬಣ್ಣಕ್ಕೆ ಸಾಕ್ಷಿ ನಿಲ್ಲುವುದುಂಟೇ? ಪೋಸ್ಟರಾದರೂ ಸರಿಯಾಗಿ ಬಂದರೆ ಅದನ್ನೇ ಮಗುವಿನ ಪಕ್ಕ ಹಿಡಿದು ನೋಡಬಹುದು ಎಂದುಕೊಂಡ. ಅಂಗಡಿಗೆ ವಾಪಸು ಓಡಿದ.

ಪ್ರಿಂಟರಿನ ಹೆಡ್ ಕ್ಲೀನ್ ಮಾಡಿದ. ಹಳದಿಯೇ ಬಂತು. ಕಾಗದ ಬದಲಿಸಿದ, ಇಂಕ್ ಬದಲಿಸಿದ. ಈಗ ಇನ್ನೂ ಹೊಳಪಾದ ಹಳದಿ. ಸಿಟ್ಟಿಗೆದ್ದು ಚಿತ್ರದಲ್ಲೇ ಹಳದಿಯನ್ನು ಕೈಗೆ ಸಿಕ್ಕಷ್ಟು ಇಳಿಸಿದ. ಎಡಗಡೆಯ ಕೂಸು ಚಳಿಯಲ್ಲಿ ಬಿಟ್ಟುಬಂದಂತೆ ನೇರಳೆಯಾಯಿತು.

"ಕಾಮಾಲೆ ವಾಸಿಮಾಡಿ ಉಸಿರು ಕಟ್ಟಿಸಿದ್ಯಲ್ಲೋ," ಎಂದರು ಮಾವ.

"ಮಾವಾ, ತಮಾಷೆ ಬೇಡ. ಮನೇಲಿ ಅಕ್ಕನ ಮಗು..." ಎಂದವನು ಅಷ್ಟಕ್ಕೇ ನಿಲ್ಲಿಸಿದ. ಮಾವ ಅವನ ಮುಖ ನೋಡಿ, ಎದ್ದು ಬಂದು ಪಕ್ಕದಲ್ಲಿ ನಿಂತರು.

ಕಿಟಕಿಯಲ್ಲಿ ಬಿಸಿಲು ವಾಲುತ್ತಿತ್ತು. ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಿ ಮೋಸಹೋದದ್ದು ಸಾಕಷ್ಟಿತ್ತು. ಹಗಲು ಕಳೆದರೆ ಪ್ರಿಂಟಿನ ಬಣ್ಣವೂ ತಿಳಿಯದು, ಕೂಸಿನದೂ ತಿಳಿಯದು. ಕೊನೆಗೆ ಅವನು ಕೂಸುಗಳನ್ನೆಲ್ಲ ಪಕ್ಕಕ್ಕಿಟ್ಟು ಬರೀ ಬೂದು ಬಣ್ಣದ ಒಂದು ಚೌಕ ಬರೆದು ಪ್ರಿಂಟ್ ಕೊಟ್ಟ. ಬೂದಿಗೆ ತನ್ನದೆನ್ನುವ ಬಣ್ಣವಿಲ್ಲ. ಅದರಲ್ಲಿ ಏನೇ ಕಂಡರೂ ಯಾರೋ ಬೆರೆಸಿದ್ದು. ಚೌಕ ಒಣಗಿದ ಹುಲ್ಲಿನ ಬಣ್ಣದಲ್ಲಿ ಹೊರಬಂತು. ಬಣ್ಣವನ್ನು ಸಾಫ್ಟ್‌ವೇರ್ ತಾನೇ ಹೊಂದಿಸಲಿ ಎಂದು ಹಿಂದೆ ಹಾಕಿಟ್ಟಿದ್ದ ಟಿಕ್ ಗುರುತನ್ನು ತೆಗೆದು ಮತ್ತೆ ಪ್ರಿಂಟ್ ಕೊಟ್ಟ. ಹುಲ್ಲು ಅರ್ಧ ಮಾಯವಾಯಿತು. ಇನ್ನರ್ಧ ಉಳಿಯಿತು.

"ಮಾವಾ, ಪ್ರಿಂಟರ್ ಕಡೆಯಿಂದ ಹಳದಿ ಏನಾದ್ರೂ ಏರಿಸಿದ್ದೀರಾ?"

ಮಾವ ಕಿವಿ ತುರಿಸಿಕೊಂಡರು. "ಸ್ವಲ್ಪ. ಹೋದ ತಿಂಗಳು ನಿನ್ನ ಫೈಲುಗಳಲ್ಲಿ ಮುಖವೆಲ್ಲ ಹೆಣದ ಹಾಗೆ ನೀಲಿ ಬರ್ತಿತ್ತು. ಹೇಳಿದ್ರೆ ನೊಂದ್ಕೋತೀಯ ಅಂತ ನಾನೇ ಅಷ್ಟು ಸರಿಮಾಡ್ದೆ."

"ಅಯ್ಯೋ! ನಿಮ್ಮ ಪ್ರಿಂಟರ್ ನೀಲಿ ಕಕ್ತಿದೆ, ಹೇಳಿದ್ರೆ ಬೈತೀರ ಅಂತ ನಾನೂ ಈ ಕಡೆಯಿಂದ ಟಿಕ್ ಹಾಕಿ ಹಳದಿ ಏರಿಸಿದ್ದೆ."

ಒಬ್ಬರ ಮಾನ ಇನ್ನೊಬ್ಬರು ಕಾಯಲು ಹೋಗಿ, ಒಂದೇ ಪಾತ್ರೆಗೆ ಇಬ್ಬರೂ ಉಪ್ಪು ಸುರಿದಿದ್ದರು. ನಗುವ ಹೊತ್ತಲ್ಲ ಅದು. ಮಾವ ತಮ್ಮ ಕಡೆಯ ಹಳದಿಯನ್ನು ತೆಗೆದರು. ನೀಲಿಗೆ ಒಂದು ಕಡೆಯ ಹಳದಿ ಸಾಕೆಂದು ಬಣ್ಣಗೇಡಿ ತನ್ನದನ್ನು ಮತ್ತೆ ಹಾಕಿದ. ಚೌಕ ಬೂದು ಬಣ್ಣದಲ್ಲೇ ಬಂತು. ಚಿತ್ರದಲ್ಲಿ ಇಳಿಸಿದ್ದ ಹಳದಿಯನ್ನು ಮೊದಲಿನಂತೆ ಮಾಡಿದ ಮೇಲೆ ಪೋಸ್ಟರು ಬಂತು: ಎಡಗಡೆ ಹುಷಾರಾದ ಕೂಸು, ಬಲಗಡೆ ಕಾಮಾಲೆಯ ಕೂಸು. ಕುರುಡನೂ ಬೇರೆ ಮಾಡಬಹುದಿತ್ತು.

"ಓನರಿಗೆ ನಾನು ಹೇಳ್ಕೋತೀನಿ. ನೀನು ಓಡು," ಎಂದರು ಮಾವ.

ಮನೆ ಬಾಗಿಲಲ್ಲಿ ಇನ್ನೂ ಬೆಳಕಿತ್ತು. ಅಮ್ಮ ಗೊಣಗುವ ಮೊದಲೇ ಅಕ್ಕ ಮಗುವನ್ನೆತ್ತಿಕೊಂಡು ಹೊಸಿಲಿಗೆ ಬಂದಿದ್ದಳು. ಅವಳೂ ದಾರಿ ಕಾಯುತ್ತಿದ್ದಳೆಂದು ಕಾಣುತ್ತದೆ. ಅವನು ಪೋಸ್ಟರನ್ನು ಮಗುವಿನ ಕೆನ್ನೆಯ ಪಕ್ಕ ಹಿಡಿದ. ಎಡಗಡೆಗೆ ಹೊಂದಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡ. ಪೋಸ್ಟರನ್ನು ಅತ್ತಿತ್ತ ಸರಿಸಿದ. ಸರಿಸಿದಷ್ಟೂ ಮಗು ಬಲಗಡೆಗೇ ಹೋಗುತ್ತಿತ್ತು.

ಅಮ್ಮ ಬಗ್ಗಿ ನೋಡಿದರು, ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದರು.

"ನಿಂತ್ಕೊಂಡು ಏನು ನೋಡ್ತೀಯೋ? ಆಟೋ ಕರಿ!"

ಆಸ್ಪತ್ರೆಯಲ್ಲಿ ಅದೇ ನರ್ಸಮ್ಮ ಮಗುವಿನ ಎದೆಯನ್ನು ಬೆರಳಿನಿಂದ ಒತ್ತಿ ಬಿಟ್ಟರು. ಬೆರಳೆತ್ತಿದ ಜಾಗದಲ್ಲಿ ಹಳದಿ ಕಂಡಿತು. "ಚಿತ್ರ ನೋಡಿ ತೀರ್ಮಾನ ಮಾಡೋದಲ್ಲ, ರಕ್ತ ನೋಡ್ಬೇಕು. ಹಾಲು ಬಿಟ್ಟು ನಿದ್ದೆ ಮಾಡ್ತಿದೆ ಅಂದ್ರಲ್ಲ, ಬಂದಿದ್ದು ಒಳ್ಳೇದಾಯ್ತು," ಎಂದರು. ರಕ್ತದಲ್ಲಿ ಕಾಮಾಲೆ ಏರಿತ್ತು. ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ದೀಪದ ಕೆಳಗೆ ಮಲಗಿಸಿದರು. ಅಕ್ಕ ಹೊರಗೆ ಕಿಟಕಿಯ ಗಾಜಿನ ಮೇಲೆ ಅಂಗೈಯಿಟ್ಟು ನಿಂತಳು.

ಮಾರನೆಯ ದಿನ ಮತ್ತೆ ರಕ್ತ ತೆಗೆದರು. ವರದಿ ಬರುವ ತನಕ ಮೂವರೂ ಆ ಗಾಜಿಗೆ ಅಂಟಿಕೊಂಡು ನಿಂತಿದ್ದರು. ಆ ನೀಲಿ ಬೆಳಕಿನಲ್ಲಿ ಮಗುವಿಗೆ ತನ್ನದೆನ್ನುವ ಬಣ್ಣವಿರಲಿಲ್ಲ. ಕಾಲು ಮಾತ್ರ ಆಗಾಗ ಗಾಳಿಯನ್ನು ಒದೆಯುತ್ತಿತ್ತು.

ಅಮ್ಮ ಅವನ ತೋಳು ಹಿಡಿದೆಳೆದರು. "ನೋಡೋ, ನಿನಗೆ ಬಣ್ಣ ಗೊತ್ತಾಗುತ್ತಲ್ಲ. ಕಡಿಮೆ ಆಗಿದ್ಯಾ?"

"ನನ್ನನ್ನ ಕೇಳಬೇಡಮ್ಮ," ಎಂದ ಅವನು, ನರ್ಸಮ್ಮ ಬರುವ ಬಾಗಿಲಿನಿಂದ ಕಣ್ಣು ಕೀಳದೆ.

ಬಾಗಿಲು ತೆರೆಯಿತು. "ಇಳೀತಿದೆ," ಎಂದರು ನರ್ಸಮ್ಮ. "ಇನ್ನೂ ಪೂರ್ತಿ ಇಳಿದಿಲ್ಲ. ನಾಳೆ ಮತ್ತೆ ನೋಡೋಣ. ಬಾಮ್ಮ, ಮಗೂಗೆ ಹಸಿವಾಗಿದೆ, ಹಾಲು ಕೊಡು."

ಅಕ್ಕ ಒಳಗೆ ಓಡಿದಳು.