ಅತ್ತೆಯ ಪಿತ್ತಕೋಶ ಮತ್ತು ನನ್ನ ಮಿಮಿಕ್ರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೋವು ತಿನ್ನುತ್ತಿದ್ದ ಹೆಂಗಸನ್ನು ಅಣಕಿಸಿ ನಾನು ಚಪ್ಪಾಳೆ ಗಿಟ್ಟಿಸಿದ್ದೇನೆ.

ಕಮಲಾಪುರದಲ್ಲಿ ತೊಟ್ಟಿಲ ಕಾರ್ಯ. ಊಟವಾದ ಮೇಲೆ ನನ್ನ ಮಿಮಿಕ್ರಿ ಶೋ. (ಯಾರೂ ಕೇಳಿರಲಿಲ್ಲ. ಯಾರೂ ಕೇಳುವುದಿಲ್ಲ.) ಅಪ್ಪ ಫೋನಿನಲ್ಲಿ ಕಿರುಚುವುದನ್ನು ಮಾಡಿ ತೋರಿಸಿದ್ದಾಯಿತು, ಸೋದರತ್ತೆ ಮಹಾದೇವಿಯ ಸರದಿ ಬಂತು. ಉಂಡೆದ್ದ ಕೂಡಲೇ ಬಲಗೈ ಪಕ್ಕೆಲುಬಿನ ಕೆಳಗೆ, ಒಂದು ಕಣ್ಣು ಮುಚ್ಚಿ, ಸೊಂಟ ಬಾಗಿಸಿ, "ಗ್ಯಾಸ್ ಆಗ್ಯಾದ, ಸೋಡಾ ತರ್ರೆಪಾ!" ಮನೆಯೆಲ್ಲ ನಕ್ಕಿತು. ಅತ್ತೆಯೂ.

ನಗದೇ ಕೂತವಳು ನನ್ನಕ್ಕ ಒಬ್ಬಳೇ. ಕಲಬುರಗಿಯ ಲ್ಯಾಬೊಂದರಲ್ಲಿ ಪಿತ್ತಕೋಶದ ಕ್ಯಾನ್ಸರ್ ಬಗ್ಗೆ ರಿಸರ್ಚ್ ಮಾಡುವವಳು.

"ಖರೇನೇ ಅಲ್ಲೇ ಕೈ ಇಡ್ತಾಳೇನೋ? ಬಲಕ್ಕ?"

"ನಾ ಕಾಪಿ ಹೊಡಿಯೋದ್ರಾಗ ಎಂದಾರ ತಪ್ಪೀನೇನು?" ಎಂದೆ. ಹೆಮ್ಮೆ ಬೇರೆ!

ಮರುವಾರ ಅಕ್ಕನ ಹಟಕ್ಕೆ ಅತ್ತೆಗೆ ಸ್ಕ್ಯಾನ್. ಕಲ್ಲು. ಆಪರೇಷನ್. ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳಿಸಿದರೆ ಒಳಪದರದಲ್ಲಿ ಕ್ಯಾನ್ಸರ್. ಆಗಷ್ಟೇ ಶುರುವಾದದ್ದು, ಪೂರ್ತಿ ಹೊರಬಂದಿದೆ ಎಂದರು ಡಾಕ್ಟರು. ಎರಡು ದಿನ ನಾನು ಯಾರ ದನಿಯನ್ನೂ ಅಣಕಿಸಲಿಲ್ಲ.

"ಇದು ಹ್ಯಾಂಗ ಹುಟ್ಟತದವಾ?" ಆಸ್ಪತ್ರೆಯ ಮಂಚದ ಮೇಲಿಂದ ಅತ್ತೆ ಅಕ್ಕನನ್ನು ಕೇಳಿದಳು.

"ನಿಮ್ಮ ತೋಟದಾಗ ಕೆಂಪು ಬಾಳಿಗಿಡಕ್ಕ ರೋಗ ಬಿದ್ರ ಏನ್ ಮಾಡ್ತೀರಿ?"

"ಗಡ್ಡಿ ಸಮೇತ ಕಿತ್ತಿ ಒಗೀತೀವಿ. ಬಿಟ್ರ ತೋಟಾನೇ ಹೋಯ್ತದ."

"ಮೈಯಾಗ ಕೀಳವರು ಯಾರೂ ಇಲ್ಲತ್ತಿ. ಗಿಡ ತಾನೇ ಬೀಳಬೇಕು. ಜೀವಕೋಶ ಕೆಟ್ರ ಪಿ-53 ಅಂತ ಒಂದು ಪ್ರೋಟೀನ್ ಮೊದ್ಲು ಅದರ ಬೆಳವಣಿಗಿ ತಡೀತದ, ರಿಪೇರಿಗಿ ಟೈಮ್ ಕೊಡ್ತದ. ಆಗ್ಲಿಲ್ಲಂದ್ರ 'ಸಾಯಿ' ಅಂತ ಹುಕುಂ ಮಾಡ್ತದ. ಕೋಶ ಸುಮ್ಮನೆ ಒಳಗೇ ಚೂರಾಗಿ ಹೋಯ್ತದ. ಪಿತ್ತಕೋಶದ ಕ್ಯಾನ್ಸರಿನಾಗ ಭಾಳ ಸಲ ಆ ಪ್ರೋಟೀನೇ ಕೆಟ್ಟಿರ್ತದ. ಹುಕುಂ ಕೊಡವರೇ ಇಲ್ಲ, ಕೆಟ್ಟ ಕೋಶ ಬೆಳಕೋತ ಹೋಯ್ತದ. ಆ ಹುಕುಂ ಮತ್ತ ಕೊಡಿಸಲಿಕ್ಕಿ ಬರ್ತದೇನು ಅಂತ ನಾವು ಹುಡುಕ್ಲಕತ್ತೀವಿ."

ಅಂದಿನಿಂದ ತಲೆಯಲ್ಲಿ ಅದೇ. ನನ್ನೊಳಗೆ ಪ್ರತಿದಿನ ಎಷ್ಟು ಕೋಶಗಳು ಹೇಳಿದ ಮಾತು ಕೇಳಿ ಸದ್ದಿಲ್ಲದೆ ಹೋಗುತ್ತವೆ! (ನಾನು ಯಾರ ಮಾತು ಕೇಳಿದ್ದೇನೆ?) ಒಂದು ಥ್ಯಾಂಕ್ಸ್ ಆದರೂ ಹೇಳಿದ್ದೇವೆಯೇ?

ಮೊನ್ನೆ ಚೇತರಿಸಿಕೊಂಡ ಅತ್ತೆ ಕೆಂಪು ಬಾಳೆಯ ಇಡೀ ಗೊನೆಯನ್ನು ಅಕ್ಕನ ಮುಂದಿಟ್ಟಳು. ನಾನು ಸುಮ್ಮನಿರುತ್ತೇನೆಯೇ? "ಅತ್ತಿ, ನಿನ್ನ ಉಳಿಸಿದ್ದು ನನ್ನ ಮಿಮಿಕ್ರಿ. ನನ್ನ ಪಾಲೆಲ್ಲಿ?"

ಅತ್ತೆ ನನ್ನ ಕೈಗೆ ಒಂದೇ ಒಂದು ಹಣ್ಣಿಟ್ಟು ಹೇಳಿದಳು: "ಅವತ್ತು ಎಲ್ಲಾರೂ ನಿನ್ನ ನೋಡಿದ್ರು. ಇಕಿ ಒಬ್ಬಾಕಿ ನನ್ನ ನೋಡಿದ್ಳು."