ಲಾರಿಯ ಅಳತೆ ತೆಗೆಯುವ ಟೈಲರ್

ಬೆಳಗಿನ ಐದೂಮುಕ್ಕಾಲು. ಬಣ್ಣದ ಗೋದಾಮಿನ ಅಂಗಳದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಿಂತ ಲಾರಿಯ ಹಿಂದಿನ ಚಕ್ರದ ಪಕ್ಕ ಒಬ್ಬರು ಮಂಡಿಯೂರಿ ಕುಳಿತು, ಕತ್ತನ್ನು ಲಾರಿಯ ಅಡಿಗೆ ತೂರಿಸಿದ್ದಾರೆ. ಪಂಕ್ಚರ್ ಇರಬೇಕು ಎಂದುಕೊಂಡರೆ ತಪ್ಪು. ಅವರ ಕೊರಳಲ್ಲಿ ಬಟ್ಟೆ ಅಳೆಯುವ ಹಳದಿ ಟೇಪು ಜೋತಾಡುತ್ತಿದೆ, ಅಂಗಿಯ ಜೇಬಿನಿಂದ ನೀಲಿ ಸೀಮೆಸುಣ್ಣದ ಬಿಲ್ಲೆ ಇಣುಕುತ್ತಿದೆ. ಚಕ್ರದ ಅಚ್ಚಿಗೂ ಮೇಲಿನ ಕಬ್ಬಿಣದ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಟೇಪು ಹಿಡಿದು, ತುಟಿಯಲ್ಲೇ ಲೆಕ್ಕ ಗೊಣಗಿ, ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಎದ್ದು ಮಂಡಿಯ ಧೂಳು ಕೊಡವಿಕೊಂಡು ಹಮಾಲರಿಗೆ ಕೈ ತೋರಿಸುತ್ತಾರೆ: "ಹೂಂ, ಶುರು ಮಾಡ್ರಪ್ಪ."

ಗೋದಾಮಿನಲ್ಲಿ ಇವರನ್ನು ಕರೆಯುವುದೇ 'ಟೈಲರ್' ಎಂದು. ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತೆರಡು ವರ್ಷ ಇವರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಎರಡು ಹೊಲಿಗೆ ಯಂತ್ರ ಇಟ್ಟರೆ ಮೂರನೆಯವರು ಉಸಿರಾಡುವುದಕ್ಕೂ ಜಾಗವಿಲ್ಲದ ಅಂಗಡಿಯಲ್ಲಿ ಪ್ಯಾಂಟು-ಷರಟು ಹೊಲಿದವರು. ಎದುರಿಗೆ ಮೂರಂತಸ್ತಿನ ರೆಡಿಮೇಡ್ ಅಂಗಡಿ ಬಂದಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಟ್ಟರು. ಕೊನೆಕೊನೆಗೆ ಬರುತ್ತಿದ್ದವರೆಲ್ಲ ಅಲ್ಲಿ ಕೊಂಡ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿಕೊಳ್ಳಲು ಬಂದವರೇ. "ಬೇರೆಯವರು ಹೊಲಿದದ್ದನ್ನ ಕತ್ತರಿಸೋದೇ ಕೆಲಸ ಆಗೋಯ್ತು. ಕೈಗೆ ಮರ್ಯಾದೆ ಇಲ್ಲ ಅನ್ನಿಸ್ತು" ಎನ್ನುತ್ತಾರೆ ಅವರು. ನಲವತ್ತಾರನೇ ವಯಸ್ಸಿನಲ್ಲಿ ಭಾರಿ ವಾಹನದ ಲೈಸೆನ್ಸ್ ಪಡೆದು ಲಾರಿಯ ಸ್ಟೇರಿಂಗ್ ಹಿಡಿದರು. ಇದೀಗ ಹನ್ನೊಂದು ತಿಂಗಳು ದಾಟಿದೆ.

ಹೊಸಬರಿಗೆ ಕಂಪನಿ ಇಟ್ಟಿರುವ ಅವಧಿ ಒಂದು ವರ್ಷ. ಅದು ಎರಡು ಕಪ್ಪುಚುಕ್ಕೆ ಬೀಳದೆ ಮುಗಿದರೆ ಕೆಲಸ ಖಾಯಂ. ಟೈಲರ್ ಅವರ ಹಾಳೆಯಲ್ಲಿ ಆಗಲೇ ಒಂದು ಚುಕ್ಕೆ ಬಿದ್ದಿದೆ. ಕಾನೂನಿನ ಮಿತಿಗಿಂತ ಹೆಚ್ಚು ಭಾರ ಹೇರಿಕೊಂಡು ವರ್ಷದೊಳಗೆ ಇನ್ನೊಂದು ಸಲ ಸಿಕ್ಕಿಬಿದ್ದರೆ ಮೂರು ತಿಂಗಳು ಲೈಸೆನ್ಸ್ ಅಮಾನತು, ಕೆಲಸಕ್ಕೂ ಎಳ್ಳುನೀರು. ಉಳಿದಿರುವುದು ಇಪ್ಪತ್ತು ದಿನ.

ಆ ಮೊದಲ ಚುಕ್ಕೆಯ ಕತೆಯನ್ನು ಅವರು ಮುಚ್ಚಿಡುವುದಿಲ್ಲ, ನಗುತ್ತಲೇ ಹೇಳುತ್ತಾರೆ. ಈ ಲಾರಿ ಸರಕು ಸಮೇತ ಹದಿನೆಂಟೂವರೆ ಟನ್ ದಾಟುವಂತಿಲ್ಲ. ಅದರಲ್ಲಿ ಲಾರಿಯ ತೂಕ ಕಳೆದರೆ ಉಳಿದದ್ದು ಸರಕಿನ ಪಾಲು. ಸರಳ ಲೆಕ್ಕ. ಮೂರನೇ ತಿಂಗಳಿನಲ್ಲಿ, ತಮ್ಮ ಲಾರಿಯ ತೂಕ ತಾವೇ ತಿಳಿದುಕೊಳ್ಳಬೇಕೆಂಬ ಹುರುಪಿನಲ್ಲಿ ಖಾಲಿ ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿದರು. ನಿಲ್ಲಿಸಿ, ಇಳಿದು ಟೀ ಕುಡಿಯಲು ಹೋದರು. ಅಂದು ಟ್ಯಾಂಕಿನಲ್ಲಿ ಡೀಸೆಲ್ ತಳ ಕಂಡಿತ್ತು. ಹರಿದ ಟಾರ್ಪಾಲು ಹೊಲಿಗೆಗೆಂದು, ಹಗ್ಗದ ಗಂಟಿನ ಸಮೇತ, ಮನೆಯಲ್ಲಿತ್ತು. ಚೀಟಿಯಲ್ಲಿ ಬಂದ ತೂಕ ನೋಡಿ ಸರಕಿಗೆ ಇಷ್ಟೆಲ್ಲ ಜಾಗ ಇದೆಯಲ್ಲ ಎಂದು ಖುಷಿಪಟ್ಟು, ಮರುದಿನ ಮಿತಿಯ ಅಂಚಿನವರೆಗೂ ತುಂಬಿಸಿದರು. ತುಂಬಿದ ಟ್ಯಾಂಕು, ಟಾರ್ಪಾಲು, ಹಗ್ಗ, ಜೊತೆಗೆ ಎಪ್ಪತ್ತು ಕಿಲೋದ ಟೈಲರ್! ಚೆಕ್‌ಪೋಸ್ಟಿನ ತೂಕದಲ್ಲಿ ಮುನ್ನೂರು ಕಿಲೋ ಹೆಚ್ಚು ಬಂತು. ಸುಡುಬಿಸಿಲಿನಲ್ಲಿ ರಸ್ತೆ ಬದಿಗೆ ತಾವೇ ಸರಕು ಇಳಿಸಿ, ಇನ್ನೊಂದು ವಾಹನ ಬರುವವರೆಗೆ ಅದರ ಮೇಲೆ ಕುಳಿತಿದ್ದರು.

"ಅಳತೆ ಕೊಡೋವಾಗ ಹೊಟ್ಟೆ ಒಳಗೆ ಎಳ್ಕೊಂಡು ನಿಲ್ಲೋ ಗಿರಾಕಿಗಳನ್ನ ಎಷ್ಟು ಜನರನ್ನ ನೋಡಿದ್ದೀನಿ! ಉಸಿರು ಬಿಡಿ ಸಾರ್, ಆಮೇಲೆ ಗುಂಡಿ ಕಿತ್ತೋಗುತ್ತೆ ಅಂತ ಹೇಳಿಹೇಳಿ ಅಳತೆ ತಗೊಂಡೋನು ನಾನು" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. "ಅಂಥಾ ನಾನೇ ಹೊಟ್ಟೆ ಎಳ್ಕೊಂಡು ನಿಂತಿದ್ದ ಲಾರಿಯ ಅಳತೆ ತಗೊಂಡೆ ನೋಡಿ. ನಾಚಿಕೆ ಆಗೋಯ್ತು."

ಅಂದೇ ಪೆಟ್ಟಿಗೆಯಿಂದ ಟೇಪು ಮತ್ತೆ ಹೊರಬಂತು. ಟ್ಯಾಂಕು ತುಂಬಿಸಿ, ಟಾರ್ಪಾಲು ಹೇರಿ, ತಾವೂ ಸೀಟಿನಲ್ಲಿ ಕುಳಿತು ಲಾರಿಯನ್ನು ಹೊಸದಾಗಿ ತೂಗಿಸಿದರು. ಆರೂವರೆ ಟನ್. ಅಂದರೆ ಸರಕಿಗೆ ಉಳಿದದ್ದು ಹನ್ನೆರಡು ಟನ್. ಆಮೇಲೆ ಭಾರ ಹೆಚ್ಚಿದಂತೆ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ ಎಂದು ಪ್ರತಿ ಲೋಡಿಗೂ ಅಳೆದು, ವೇಬ್ರಿಡ್ಜಿನ ಚೀಟಿಯ ಜೊತೆ ಹೋಲಿಸಿ, ಗಿರಾಕಿಗಳ ಅಳತೆ ಬರೆಯುತ್ತಿದ್ದ ಹಳೆಯ ಪುಸ್ತಕದಲ್ಲೇ ಬರೆದಿಟ್ಟರು. ಸೊಂಟ, ತೋಳು, ಎದೆ ಎಂದು ಅಚ್ಚಾಗಿರುವ ಅಂಕಣಗಳಲ್ಲಿ ಈಗ ಮುಂದಿನ ಚಕ್ರ, ಹಿಂದಿನ ಚಕ್ರ, ಒಟ್ಟು ತೂಕ. ಪ್ರತಿ ಚಕ್ರದ ಅಚ್ಚಿಗೂ ಬೇರೆಯೇ ಮಿತಿ ಇರುವುದರಿಂದ ಸರಕನ್ನೆಲ್ಲ ಹಿಂದಕ್ಕೆ ಒಟ್ಟುವಂತೆಯೂ ಇಲ್ಲ. "ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಆದ್ರೆ ಯಾರು ಹಾಕ್ಕೋತಾರೆ?" ಎಂಬುದು ಅವರ ವಿವರಣೆ.

ಅಂಗಳದ ಮಂದಿ ಸುಮ್ಮನಿರುತ್ತಾರೆಯೇ? "ಟೈಲರೇ, ಲಾರಿಗೆ ಪ್ಯಾಂಟ್ ಯಾವಾಗ ರೆಡಿ ಆಗುತ್ತೆ?" ಎಂದು ದಿನವೂ ಕಾಲೆಳೆಯುವವರು ಮೂವತ್ತು ವರ್ಷ ಲಾರಿ ಓಡಿಸಿದ ಒಬ್ಬ ಹಿರಿಯ ಚಾಲಕರು. ಇಂದೂ ಹಾಗೆಯೇ ಅಣಕಿಸಿ, ತಮ್ಮ ಲಾರಿ ತುಂಬಿಸಿಕೊಂಡು ಐದೂವರೆಗೇ ಗೇಟು ದಾಟಿದ್ದಾರೆ.

ಇಂದಿನ ಸರಕು ಇಪ್ಪತ್ತು ಲೀಟರಿನ ಬಣ್ಣದ ಬಕೆಟ್ಟುಗಳು, ಒಟ್ಟು ನಾನೂರ ನಲವತ್ತು. ತಿಂಗಳುಗಳಿಂದ ಇದೇ ಲೆಕ್ಕ. ಬಕೆಟ್ಟಿಗೆ ಇಪ್ಪತ್ತೇಳು ಕಿಲೋ, ಹನ್ನೆರಡು ಟನ್ನಿನ ಒಳಗೇ ಕೂರುತ್ತದೆ. ಇನ್ನೂರ ಇಪ್ಪತ್ತು ಬಕೆಟ್ ಏರಿದಾಗ ಟೈಲರ್ ಕೈ ಎತ್ತಿ ನಿಲ್ಲಿಸುತ್ತಾರೆ. ಅರ್ಧ ಲೋಡಿಗೆ ಒಮ್ಮೆ ಅಳೆಯುವುದು ಅವರ ನೇಮ. ಎರಡು ಇಂಚು ಕುಗ್ಗಿರಬೇಕಾದ ಸ್ಪ್ರಿಂಗು ಎರಡೂಕಾಲು ಇಂಚು ಕುಗ್ಗಿದೆ. ಮತ್ತೊಮ್ಮೆ ಅಳೆಯುತ್ತಾರೆ. ಆಗಲೂ ಅಷ್ಟೇ. ಅವರ ಮುಖದಲ್ಲಿ ನಗು ಮಾಯವಾಗುತ್ತದೆ.

"ಸ್ವಲ್ಪ ತಡೀರಿ. ಏನೋ ಹೆಚ್ಚುಕಡಿಮೆ ಆಗಿದೆ."

ಗೋದಾಮಿನ ಮೇಲ್ವಿಚಾರಕ ಪ್ಯಾಡು ಹಿಡಿದು ಧಾವಿಸಿ ಬರುತ್ತಾನೆ. ವಯಸ್ಸಿನಲ್ಲಿ ಕಿರಿಯ, ಅವಸರದ ಮನುಷ್ಯ. "ಏನಣ್ಣ ನಿಮ್ಮ ಗೋಳು? ಲಿಸ್ಟಲ್ಲಿ ನಾನೂರ ನಲವತ್ತು ಅಂತಿದೆ, ಹೇರ್ಕೊಂಡು ಹೊರಡಿ."

"ಕಾಲಿಂಚು ಜಾಸ್ತಿ ಇಳಿದಿದೆ ಕಣಪ್ಪ."

"ಕಾಲಿಂಚಾ? ಕಾಲಿಂಚಿಗೆ ಲೋಕ ಮುಳುಗೋಗುತ್ತಾ? ಹಿಂದೆ ಇನ್ನೂ ಐದು ಲಾರಿ ಕಾಯ್ತಿವೆ. ನಿಮ್ಮ ಯಜಮಾನ್ರಿಗೆ ಫೋನ್ ಮಾಡ್ಲಾ?"

ಕಾಯುವ ಲಾರಿಗಳಿಂದ ಹಾರನ್ ಮೊಳಗುತ್ತದೆ. ಹಮಾಲರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾರೆ. ಹನ್ನೊಂದು ತಿಂಗಳ ಹೊಸಬನಿಗೆ ಎರಡೂ ಕಡೆ ಇಕ್ಕಟ್ಟು. ಯಜಮಾನರಿಗೆ ದೂರು ಹೋದರೂ ಕೆಲಸಕ್ಕೆ ಸಂಚಕಾರ, ಭಾರ ಹೆಚ್ಚಾಗಿ ಸಿಕ್ಕಿಬಿದ್ದರೂ ಸಂಚಕಾರ. ಟೈಲರ್ ದನಿ ಏರಿಸುವುದಿಲ್ಲ. "ಮಾಡು, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಒಂದೇ ಒಂದು ಬಕೆಟ್ ತೂಗಿಸಿಬಿಡು. ನಾನು ತಪ್ಪಾಗಿದ್ರೆ ಉಳಿದದ್ದನ್ನ ನಾನೇ ಹೊರ್ತೀನಿ."

ಗೊಣಗುತ್ತಲೇ ಮೇಲ್ವಿಚಾರಕ ಒಂದು ಬಕೆಟ್ಟನ್ನು ಗೋದಾಮಿನ ಮೂಲೆಯ ತಕ್ಕಡಿಯ ಮೇಲೆ ಇಡಿಸುತ್ತಾನೆ. ಮೂವತ್ತೊಂದು ಕಿಲೋ. ಇನ್ನೊಂದು ಇಡಿಸುತ್ತಾನೆ. ಅದೂ ಮೂವತ್ತೊಂದು. ಮುಚ್ಚಳ ಬಿಚ್ಚಿದರೆ ಒಳಗೆ ಮಾಮೂಲಿ ಬಣ್ಣವಲ್ಲ, ಹೊರಗೋಡೆಗೆ ಬಳಿಯುವ, ಮರಳು ಬೆರೆಸಿದ ಗಟ್ಟಿ ಬಣ್ಣ. ಅದೇ ಬಕೆಟ್, ಅದೇ ಇಪ್ಪತ್ತು ಲೀಟರ್. ಪಟ್ಟಿಯಲ್ಲಿ ಲೀಟರ್ ಬರೆದಿತ್ತೇ ಹೊರತು ಕಿಲೋ ಬರೆದಿರಲಿಲ್ಲ. ನಾನೂರ ನಲವತ್ತನ್ನೂ ಹೇರಿದ್ದರೆ ಒಂದೂವರೆ ಟನ್ನಿಗೂ ಹೆಚ್ಚು ಭಾರ ಮಿತಿ ಮೀರುತ್ತಿತ್ತು.

ಮೇಲ್ವಿಚಾರಕ ಪ್ಯಾಡನ್ನು ಕಂಕುಳಿಗೆ ಸಿಕ್ಕಿಸುತ್ತಾನೆ. "ಅಯ್ಯೋ, ಮುಂಚೆ ಹೋದ ಲಾರೀಲೂ ಇದೇ ಬಣ್ಣ!" ಎಂದವನೇ ಫೋನ್ ಕಿವಿಗೆ ಒತ್ತುತ್ತಾನೆ. ಊರಿನಾಚೆ ನಾಲ್ಕು ಕಿಲೋಮೀಟರ್ ಉದ್ದದ ಇಳಿಜಾರಿದೆ. ಅದರ ಬುಡದಲ್ಲಿ ಒಂದು ಶಾಲೆ. ಆ ರಸ್ತೆಯನ್ನು ನೆನೆಸಿಕೊಂಡೇ ಟೈಲರ್ ಪ್ರತಿ ಬೆಳಿಗ್ಗೆ ಮಂಡಿಯೂರುವುದು. "ದಂಡದ ಭಯ ಮೊದಮೊದಲು ಇತ್ತು. ಈಗ ಭಯ ಬ್ರೇಕಿನದು. ಇಳಿಜಾರಲ್ಲಿ ಲಾರಿ ನಮ್ಮ ಮಾತು ಕೇಳ್ಬೇಕು ಅಂದ್ರೆ ಮೇಲಿನ ಹೊರೆ ಹದವಾಗಿರ್ಬೇಕು. ಬಟ್ಟೆ ತಪ್ಪಾದ್ರೆ ಬಿಚ್ಚಿ ಹೊಲೀಬಹುದು. ಇಲ್ಲಿ ಬಿಚ್ಚೋಕೆ ಆಗಲ್ವಲ್ಲ" ಎನ್ನುವಾಗ ಅವರ ಮಾತಿನಲ್ಲಿ ತಮಾಷೆಯಿಲ್ಲ.

ಹಿರಿಯ ಚಾಲಕರು ಇಳಿಜಾರಿಗೆ ಮುಂಚಿನ ಪೆಟ್ರೋಲ್ ಬಂಕಿನಲ್ಲಿ ತಿಂಡಿಗೆ ನಿಂತಿದ್ದರು. ಸದ್ಯ! ಅರ್ಧ ಗಂಟೆಯಲ್ಲಿ ಅವರ ಲಾರಿ ಅಂಗಳಕ್ಕೆ ಮರಳುತ್ತದೆ. ಇಳಿದವರು ನೇರ ಟೈಲರ್ ಹತ್ತಿರ ಬರುತ್ತಾರೆ. ತಮ್ಮ ಲಾರಿಯ ಚಕ್ರ ತೋರಿಸಿ, "ಟೈಲರೇ, ನಂದೂ ಒಂದು ಅಳತೆ ತಗೊಂಡ್ಬಿಡಪ್ಪ" ಎನ್ನುತ್ತಾರೆ. ಹಮಾಲರು ಗೊಳ್ಳೆಂದು ನಗುತ್ತಾರೆ. ಈ ಸಲದ ನಗುವಿನಲ್ಲಿ ಅಣಕವಿಲ್ಲ.

ಟೈಲರ್ ಅವರ ಲಾರಿಗೆ ಏರುವುದು ಮುನ್ನೂರ ಎಂಬತ್ತು ಬಕೆಟ್. ವೇಬ್ರಿಡ್ಜಿನಲ್ಲಿ ಹದಿನೆಂಟು ಸಾವಿರದ ಇನ್ನೂರ ಎಂಬತ್ತು ಕಿಲೋ. ಆ ಚೀಟಿಯನ್ನು ಮಡಚಿ ಅಳತೆ ಪುಸ್ತಕದೊಳಗೆ ಇಡುತ್ತಾರೆ. ಇಂಥವು ಅದರಲ್ಲಿ ಇನ್ನೂರ ಹದಿನಾಲ್ಕು ಆಗಿವೆ.

ಮನೆಯ ಮುಂಗೋಣೆಯಲ್ಲಿ ಉಳಿದ ಒಂದು ಯಂತ್ರದ ಮೇಲೆ ಈಗ ಅವರ ಹೆಂಡತಿ ಹೊಲಿಯುತ್ತಾರೆ. ಟಾರ್ಪಾಲಿನ ತೇಪೆಯೂ ಅವರದೇ. ಗಂಡನ ಬಗ್ಗೆ ಕೇಳಿದರೆ ದೂರು ಮೊದಲು ಬರುತ್ತದೆ: "ಟೇಪು ಇವರು ತಗೊಂಡು ಹೋಗ್ತಾರೆ, ನಾನು ಗೇಣಲ್ಲಿ ಅಳೀಬೇಕು. ವಾಪಸ್ ತಂದ್ರೆ ಗ್ರೀಸು!" ಅನಂತರ ದಾರ ಕಚ್ಚಿ ತುಂಡರಿಸಿ ಮೆಲ್ಲಗೆ ಹೇಳುತ್ತಾರೆ: "ಅಂಗಡಿ ಮುಚ್ಚಿದ ದಿನ ಇವರ ಕೈ ಸುಮ್ನೆ ತೊಡೆ ಮೇಲೆ ಬಿದ್ದಿತ್ತು. ಅದನ್ನ ನೋಡೋಕೆ ಆಗ್ತಿರ್ಲಿಲ್ಲ. ಈಗ ಅದೇ ಕೈ ಮತ್ತೆ ಅಳತೆ ತೆಗೀತಿದೆ. ಸಾಕು ನಂಗೆ."

ಇಪ್ಪತ್ತು ದಿನ ಕಳೆದು ಕೆಲಸ ಖಾಯಂ ಆದರೆ ಕಂಪನಿ ಚಾಲಕರಿಗೆ ಎರಡು ಜೊತೆ ಸಮವಸ್ತ್ರ ಕೊಡುತ್ತದೆ. ಮತ್ತೇನಾದರೂ ಆಸೆ ಇದೆಯೇ ಎಂದರೆ ಟೈಲರ್ ಸ್ಟೇರಿಂಗ್ ಹಿಡಿದೇ ತಮ್ಮ ಅಂಗಿಯ ತೋಳನ್ನು ನೋಡಿಕೊಳ್ಳುತ್ತಾರೆ. ತಾವೇ ಹೊಲಿದದ್ದು. ಒಂದು ದಾರವೂ ಎದ್ದಿಲ್ಲ.

"ಆಸೆ ಅಂತ ಇರೋದು ಒಂದೇ. ಯೂನಿಫಾರ್ಮ್ ಹೊಲಿಸಿ ಕೊಡೋದು ಬೇಡ, ಬರೀ ಬಟ್ಟೆ ಕೊಡ್ಲಿ. ನನ್ನ ಅಳತೆ ನಂಗೆ ಗೊತ್ತು."